ಗಿಡಮೂಲಿಕೆಗಳಲ್ಲಿ ಭಾರಲೋಹಗಳ ಪರೀಕ್ಷೆ: ಅರಿಶಿಣ ವ್ಯಾಪಾರಸ್ಥರು ಹಾಗೂ ಚೂರ್ಣ ತಯಾರಕರು ತಿಳಿದಿರಬೇಕಾದ ಅಂಶಗಳು

ಬನಹಟ್ಟಿ ಎಂದೊಡನೆ ಮಗ್ಗಗಳ ನೆನಪಾಗುವುದು ಸಹಜ. ಆದರೆ ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರ ಹಾಗೂ ಜಮಖಂಡಿಯ ಸುತ್ತಣ ನೀರಾವರಿ ಭೂಮಿಯಲ್ಲಿ ಕಬ್ಬಿನ ಜೊತೆಗೆ ಅರಿಶಿಣವೂ ಹಣ ತರುವ ಬೆಳೆಯಾಗಿದೆ. ಇಲ್ಲಿಯ ಮಾಲು ಬಹುಕಾಲದಿಂದ ಸಾಂಗಲಿ ಪೇಟೆಯನ್ನು ಸೇರುತ್ತ ಬಂದಿದೆ. ಒಂದೇ ಅರಿಶಿಣ ಕಿರಾಣಿ ಅಂಗಡಿಯಲ್ಲಿ ಸಾಂಬಾರ ಪದಾರ್ಥವೆನಿಸಿದರೆ, ಆಯುರ್ವೇದ ತಯಾರಕರ ಕೈಯಲ್ಲಿ ‘ಹರಿದ್ರಾ’ ಎಂಬ ಔಷಧದ್ರವ್ಯವಾಗುತ್ತದೆ. ವಿದೇಶದ ಆಮದುದಾರರ ಲೆಕ್ಕದಲ್ಲಿ ಪೂರಕ ಆಹಾರದ ಕಚ್ಚಾ ಮಾಲಾಗುತ್ತದೆ. ಪೇಟೆಯಲ್ಲಿ ಅದರ ದರ ನಿಗದಿಯಾಗುವುದು ಬಣ್ಣ, ಬೆರಳಿನ ಗಾತ್ರ ಹಾಗೂ ಒಣಗಿದ ಪ್ರಮಾಣವನ್ನು ನೋಡಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸಗಳಾದರೋ ಕಣ್ಣಿಗೆ ಕಾಣುವುದಿಲ್ಲ, ವಾಸನೆಗೂ ತಿಳಿಯುವುದಿಲ್ಲ.

ಇತರ ದೋಷಗಳಿಗೂ ಈ ದೋಷಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ತೇವ ಹೆಚ್ಚಿದ್ದರೆ ಮಾಲನ್ನು ಬಿಸಿಲಿಗೆ ಹರಡಬಹುದು. ಕಲ್ಲು-ಮಣ್ಣು ಇದ್ದರೆ ಹಸನು ಮಾಡಿಸಬಹುದು. ಆದರೆ ಪುಡಿಯಲ್ಲಿ ಬೆರೆತ ಸೀಸವನ್ನು ಹೊರತೆಗೆಯುವ ವ್ಯಾವಹಾರಿಕ ಉಪಾಯ ಯಾವುದೂ ಇಲ್ಲ. ಆದ್ದರಿಂದ ದೋಷವು ಪತ್ತೆಯಾದಾಗ ಮಾಲು ಯಾರ ಒಡೆತನದಲ್ಲಿರುತ್ತದೆಯೋ ಬಹುಮಟ್ಟಿಗೆ ಅವರೇ ನಷ್ಟವನ್ನು ಹೊರಬೇಕಾಗುತ್ತದೆ. ಪರೀಕ್ಷೆ ಮಾಡಿಸಬೇಕೇ ಬೇಡವೇ ಎಂಬುದಕ್ಕಿಂತಲೂ ಅದನ್ನು ಯಾವ ಘಟ್ಟದಲ್ಲಿ ಮಾಡಿಸಬೇಕು ಎಂಬುದೇ ಸಣ್ಣ ವ್ಯಾಪಾರಸ್ಥರ ದೃಷ್ಟಿಯಿಂದ ಹೆಚ್ಚು ಮಹತ್ವದ ಪ್ರಶ್ನೆಯಾಗಿದೆ.

ಪರೀಕ್ಷೆ ಕಡ್ಡಾಯವಾದ ಹಿನ್ನೆಲೆ

2004ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಾಸ್ಟನ್ ನಗರದ ಆಸುಪಾಸಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಮರುವರ್ಷ ಕೆನಡಾ ಸರಕಾರವೂ ಕೆಲವು ಉತ್ಪನ್ನಗಳ ವಿರುದ್ಧ ಎಚ್ಚರಿಕೆ ನೀಡಿತು. ರಸೌಷಧಿಗಳಲ್ಲಿ ಲೋಹವನ್ನು ಶಾಸ್ತ್ರೋಕ್ತವಾಗಿ ಸಂಸ್ಕರಿಸಿ ಉದ್ದೇಶಪೂರ್ವಕವಾಗಿಯೇ ಸೇರಿಸಲಾಗುತ್ತದೆ, ಅವುಗಳನ್ನು ಗಿಡಮೂಲಿಕೆಯ ಔಷಧಿಗಳೊಡನೆ ಬೆರೆಸಿ ನೋಡಬಾರದು ಎಂಬ ಆಕ್ಷೇಪ ನಮ್ಮ ದೇಶದಿಂದ ಕೇಳಿಬಂತು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟವಾದ, 193 ಉತ್ಪನ್ನಗಳನ್ನು ಕುರಿತ ಎರಡನೆಯ ಅಧ್ಯಯನವು ಈ ಎರಡು ವರ್ಗಗಳನ್ನು ಬೇರ್ಪಡಿಸಿಯೇ ನೋಡಿತು. ರಸೌಷಧಿಗಳಲ್ಲಿ ಶೇ. 40.6ರಷ್ಟು ಹಾಗೂ ಉಳಿದವುಗಳಲ್ಲಿ ಶೇ. 17.1ರಷ್ಟು ಉತ್ಪನ್ನಗಳಲ್ಲಿ ಲೋಹಗಳು ಪತ್ತೆಯಾದವು. ಲೋಹವನ್ನು ಸೇರಿಸುವ ಉದ್ದೇಶವೇ ಇಲ್ಲದ ಔಷಧಿಗಳಿಗೂ ಅದು ಪ್ರವೇಶಿಸಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ನಡುವೆ ಕೇಂದ್ರ ಸರಕಾರದ ಆಯುಷ್ ಇಲಾಖೆಯು 14 ಅಕ್ಟೋಬರ್ 2005ರಂದು ಆದೇಶ ಹೊರಡಿಸಿ, ಕೇವಲ ಗಿಡಮೂಲಿಕೆಗಳಿಂದ ತಯಾರಾದ ಆಯುರ್ವೇದ, ಸಿದ್ಧ ಹಾಗೂ ಯುನಾನಿ ಔಷಧಿಗಳನ್ನು ರಫ್ತು ಮಾಡುವಾಗ 1 ಜನವರಿ 2006ರಿಂದ ಭಾರಲೋಹಗಳ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಆದೇಶ ಆರಂಭವಾದದ್ದು ರಫ್ತಿನಿಂದಲಾದರೂ, ಒಳನಾಡಿನ ತಯಾರಕರು ತಮಗೆ ಇದು ಸಂಬಂಧಿಸಿದ್ದಲ್ಲವೆಂದು ತಿಳಿಯುವಂತಿಲ್ಲ. ಆಯುರ್ವೇದಿಕ್ ಫಾರ್ಮಕೋಪಿಯಾದಲ್ಲಿಯೂ ಇವೇ ಮಿತಿಗಳಿವೆ. 2000ದಲ್ಲಿ ಜಾರಿಗೆ ಬಂದ ಉತ್ತಮ ತಯಾರಿಕಾ ಪದ್ಧತಿಯ ನಿಯಮಗಳು, ಅಂದರೆ ‘ಶೆಡ್ಯೂಲ್ ಟಿ’, ಕಚ್ಚಾ ಮಾಲಿನ ಗುಣಮಟ್ಟದ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸುತ್ತವೆ. ಆರೋಗ್ಯಕ್ಕೆ ಹಾನಿ ತರುವಂತಹ ವಿಷಪದಾರ್ಥವಿರುವ ಔಷಧಿಯನ್ನು ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ 33ಇಇ ಪ್ರಕರಣವು ಕಲಬೆರಕೆ ಔಷಧಿಯೆಂದೇ ಪರಿಗಣಿಸುತ್ತದೆ.

ಮಿತಿಗಳು ಮತ್ತು ಅವುಗಳ ಅರ್ಥ

ಮಿತಿಗಳನ್ನು ‘ಪಿಪಿಎಂ’ ಎಂಬ ಮಾನದಲ್ಲಿ ಹೇಳಲಾಗುತ್ತದೆ. ದಶಲಕ್ಷ ಭಾಗಗಳಲ್ಲಿ ಒಂದು ಭಾಗ ಎಂಬುದು ಇದರ ಅರ್ಥ. ಒಂದು ಕಿಲೋ ಮಾಲಿನಲ್ಲಿ 1 ಮಿಲಿಗ್ರಾಂ ಅಥವಾ ಒಂದು ಕ್ವಿಂಟಾಲಿನಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಎಂದು ನೆನಪಿಟ್ಟುಕೊಳ್ಳುವುದು ಸುಲಭ. 2005ರ ಆದೇಶದ ಮಿತಿಗಳು ಹೀಗಿವೆ:

ಸೀಸ: 10 ಪಿಪಿಎಂ
ಆರ್ಸೆನಿಕ್: 3 ಪಿಪಿಎಂ
ಪಾದರಸ: 1 ಪಿಪಿಎಂ
ಕ್ಯಾಡ್ಮಿಯಂ: 0.3 ಪಿಪಿಎಂ

ಆಹಾರ ಸುರಕ್ಷತಾ ನಿಯಮಗಳಡಿ ಅರಿಶಿಣದ ಕೊಂಬು ಹಾಗೂ ಪುಡಿಗೆ ಸೀಸದ ಮಿತಿಯನ್ನು 10 ಪಿಪಿಎಂ ಎಂದು ನಿಗದಿಪಡಿಸಲಾಗಿದೆ. ಸೀಸದ ಕ್ರೋಮೇಟ್ ಎಂಬ ಬಣ್ಣವು ಕಿಂಚಿತ್ತೂ ಇರಕೂಡದು. ಯುರೋಪಿನ ಫಾರ್ಮಕೋಪಿಯಾದಲ್ಲಿ ಗಿಡಮೂಲಿಕೆಗಳಿಗೆ ಸೀಸ 5, ಕ್ಯಾಡ್ಮಿಯಂ 1, ಪಾದರಸ 0.1 ಪಿಪಿಎಂ ಎಂಬ ಸಾಮಾನ್ಯ ಮಿತಿಗಳಿವೆ. ಅದೇ ಮಾಲು ಯುರೋಪಿನಲ್ಲಿ ಪೂರಕ ಆಹಾರವಾಗಿ ಮಾರಾಟವಾಗುವುದಾದರೆ ಸೀಸದ ಮಿತಿ 3 ಪಿಪಿಎಂಗೆ ಇಳಿಯುತ್ತದೆ. ಅಂದರೆ 4 ಪಿಪಿಎಂ ಸೀಸವಿರುವ ಅರಿಶಿಣದ ಪುಡಿ ಇಲ್ಲಿ ಸ್ವೀಕಾರಾರ್ಹ, ಅಲ್ಲಿ ಪೂರಕ ಆಹಾರವಾಗಿ ತಿರಸ್ಕೃತ. ಮಾಲು ಯಾವ ದೇಶಕ್ಕೆ, ಯಾವ ಹೆಸರಿನಲ್ಲಿ ಹೋಗುತ್ತದೆ ಎಂಬುದನ್ನು ತಿಳಿಯದೆ ‘ಪರೀಕ್ಷೆಯಲ್ಲಿ ಪಾಸಾಗಿದೆ’ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಕೆಲವು ಕಡೆ ಮಿತಿಯನ್ನು ಮಾಲಿನ ತೂಕಕ್ಕೆ ಬದಲಾಗಿ ಬಳಕೆದಾರರು ದಿನಕ್ಕೆ ಸೇವಿಸುವ ಪ್ರಮಾಣಕ್ಕೆ ಅನ್ವಯಿಸುತ್ತಾರೆ. ಫಾರ್ಮಕೋಪಿಯಾದಲ್ಲಿ ಹರಿದ್ರಾ ಚೂರ್ಣದ ಪ್ರಮಾಣ 1ರಿಂದ 3 ಗ್ರಾಂ. ಸರಿಯಾಗಿ 10 ಪಿಪಿಎಂ ಸೀಸವಿರುವ ಚೂರ್ಣವನ್ನು 3 ಗ್ರಾಂ ಸೇವಿಸಿದರೆ 30 ಮೈಕ್ರೋಗ್ರಾಂ ಸೀಸ ದೇಹವನ್ನು ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ದಿನಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸ ಒದಗಿಸುವ ಉತ್ಪನ್ನದ ಮೇಲೆ ಎಚ್ಚರಿಕೆಯ ಬರಹ ಇರಬೇಕಾಗುತ್ತದೆ. ನಮ್ಮ ಮಿತಿಯೊಳಗಿನ ಮಾಲು ಆ ಮಟ್ಟದ 60 ಪಟ್ಟು ಆಗಬಹುದು. ಸತ್ವ ತೆಗೆಯುವ ಘಟಕಗಳೂ ಈ ಲೆಕ್ಕವನ್ನು ಗಮನಿಸಬೇಕು. 10 ಕಿಲೋ ಬೇರಿನಿಂದ 1 ಕಿಲೋ ಸತ್ವ ಬರುವಲ್ಲಿ, ಬೇರಿನಲ್ಲಿರುವ ಲೋಹವೆಲ್ಲ ಸತ್ವಕ್ಕೆ ಇಳಿದರೆ 0.1 ಪಿಪಿಎಂ ಕ್ಯಾಡ್ಮಿಯಂ 1 ಪಿಪಿಎಂ ಆಗುತ್ತದೆ.

ಲೋಹ ಎಲ್ಲಿಂದ ಬರುತ್ತದೆ?

ಲೋಹವು ಮಾಲಿಗೆ ಸೇರುವ ಮಾರ್ಗಗಳನ್ನು ಮೂರು ಭಾಗ ಮಾಡಬಹುದು: ಹೊಲ, ಸಂಸ್ಕರಣೆ ಮತ್ತು ಕಲಬೆರಕೆ.

ಹೊಲದಲ್ಲಿ ಮಣ್ಣು, ನೀರು ಮತ್ತು ಗೊಬ್ಬರಗಳ ಮೂಲಕ ಲೋಹವು ಗಿಡವನ್ನು ಸೇರುತ್ತದೆ. ರಂಜಕದ ಗೊಬ್ಬರಗಳಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಇರುವುದುಂಟು. ಸೀಸವು ಮಣ್ಣಿಗೆ ಅಂಟಿಕೊಂಡು ಹೆಚ್ಚಾಗಿ ಬೇರಿನ ಸಿಪ್ಪೆಯ ಬಳಿಯೇ ಉಳಿಯುತ್ತದೆ; ಕ್ಯಾಡ್ಮಿಯಂ ಸುಲಭವಾಗಿ ಎಲೆಗೆ ಏರುತ್ತದೆ. ಸುಣ್ಣದ ಅಂಶವುಳ್ಳ ಕ್ಷಾರಗುಣದ ಎರೆಭೂಮಿಯು ಈ ಲೋಹಗಳನ್ನು ತಕ್ಕಮಟ್ಟಿಗೆ ಹಿಡಿದಿಡುತ್ತದೆ ಎಂಬುದು ಈ ಭಾಗದ ಬೆಳೆಗಾರರಿಗೆ ಅನುಕೂಲಕರ ಸಂಗತಿ. ಆದರೆ ಕಾಲುವೆ ನೀರಿನ ಅತಿಬಳಕೆಯಿಂದ ಸವಳು-ಜವಳಾದ ಭೂಮಿಯಲ್ಲಿ ಕ್ಲೋರೈಡ್ ಲವಣಗಳು ಹೆಚ್ಚಿದಾಗ ಕ್ಯಾಡ್ಮಿಯಂ ಕರಗಿ ಗಿಡಕ್ಕೆ ದೊರೆಯುವುದು ಸುಲಭವಾಗುತ್ತದೆ. ನೀರಿನ ವಿಷಯದಲ್ಲಿಯೂ ಸ್ಥಳದಿಂದ ಸ್ಥಳಕ್ಕೆ ಅಂತರವಿದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಎಂಬ ಗ್ರಾಮದ ಸುತ್ತಣ ಶಿಲಾಪ್ರದೇಶದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಸೇರಿ ಜನರು ಕಾಯಿಲೆಗೆ ತುತ್ತಾದುದು ವೈಜ್ಞಾನಿಕ ಅಧ್ಯಯನಗಳಲ್ಲಿ ದಾಖಲಾಗಿದೆ. ಹೊರ ಜಿಲ್ಲೆಗಳಿಂದ ಅಶ್ವಗಂಧ, ಶತಾವರಿ, ತುಳಸಿ ಮುಂತಾದವನ್ನು ತರಿಸುವ ತಯಾರಕರು ಮಾಲಿನ ಮೂಲಸ್ಥಳವನ್ನು ಕೇಳಿ ಬರೆದಿಡಬೇಕಾದ ಅವಶ್ಯಕತೆ ಇಲ್ಲಿದೆ.

ಸಂಸ್ಕರಣೆಯಲ್ಲಿ ಬೆಸುಗೆ ಹಾಕಿದ ಪಾತ್ರೆಗಳು, ಬಣ್ಣ ಬಳಿದ ಪಾಲಿಶ್ ಡ್ರಮ್ಮುಗಳು ಹಾಗೂ ಗಿರಣಿಯ ಸವೆದ ಭಾಗಗಳಿಂದ ಲೋಹ ಸೇರಬಹುದು. ಬಣ್ಣಗಳಲ್ಲಿ ಸೀಸವು 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆಯಾದರೂ ಅದು ಮನೆಗಳಿಗೆ ಹಾಗೂ ಅಲಂಕಾರಕ್ಕೆ ಬಳಸುವ ಬಣ್ಣಗಳಿಗೆ ಸಂಬಂಧಿಸಿದ್ದು. ಯಂತ್ರಗಳಿಗೆ ಬಳಿಯುವ ಔದ್ಯಮಿಕ ಬಣ್ಣಗಳಿಗಲ್ಲ. ಮಾಲು ತಗಲುವ ಜಾಗದಲ್ಲಿ ಬಣ್ಣವೇ ಇಲ್ಲದಿರುವುದು ಲೇಸು.

ಮೂರನೆಯದು ಕಲಬೆರಕೆ. ಬಾಂಗ್ಲಾದೇಶದ ಅನುಭವ ಈ ವಿಷಯದಲ್ಲಿ ಪಾಠವಾಗಬೇಕು. ಅಲ್ಲಿ 1980ರ ದಶಕದಲ್ಲಿ ಪ್ರವಾಹದಿಂದ ತೊಯ್ದ ಅರಿಶಿಣ ಕಳೆಗುಂದಿದಾಗ, ಪಾಲಿಶ್ ಮಾಡುವವರು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಸತೊಡಗಿದರು. ಪ್ರವಾಹ ಇಳಿದ ಮೇಲೂ ಅಭ್ಯಾಸ ಉಳಿಯಿತು. 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದ ಮೇಲೆ ಸರಕಾರವು ಢಾಕಾದ ಸಗಟು ಪೇಟೆಯಲ್ಲಿ ದಾಳಿ ನಡೆಸಿ ದಂಡ ವಿಧಿಸಿತು, ಪ್ರಚಾರವನ್ನೂ ಕೈಗೊಂಡಿತು. 2019ರಲ್ಲಿ ಪೇಟೆಯ ಶೇ. 47ರಷ್ಟು ಮಾದರಿಗಳಲ್ಲಿ ಪತ್ತೆಯಾಗುತ್ತಿದ್ದ ಸೀಸ 2021ರಲ್ಲಿ ಯಾವ ಮಾದರಿಯಲ್ಲಿಯೂ ಸಿಗಲಿಲ್ಲ. ಭಾರತ, ಪಾಕಿಸ್ತಾನ, ಶ್ರೀಲಂಕಾ ಹಾಗೂ ನೇಪಾಳದ 23 ನಗರಗಳಿಂದ ತೆಗೆದ 356 ಅರಿಶಿಣ ಮಾದರಿಗಳ ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 14ರಷ್ಟು ಮಾದರಿಗಳಲ್ಲಿ 2 ಪಿಪಿಎಂಗಿಂತ ಹೆಚ್ಚು ಸೀಸವಿತ್ತು. 2016ರಲ್ಲಿ ಅಮೆರಿಕದಲ್ಲಿ ಹಲವು ಹೆಸರುಗಳ ಅರಿಶಿಣ ಪುಡಿಯನ್ನು ಸೀಸದ ಕಾರಣಕ್ಕಾಗಿ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಳ್ಳಲಾಯಿತು. 2019ರ ಆಗಸ್ಟ್‌ನ ಪ್ರವಾಹವನ್ನು ಕಂಡಿರುವ ಕೃಷ್ಣಾ-ಘಟಪ್ರಭಾ ತೀರದ ಬೆಳೆಗಾರರಿಗೆ ತೊಯ್ದ ಮಾಲು ಕಳೆಗುಂದುವುದೂ ದರ ಇಳಿಯುವುದೂ ಹೊಸ ಮಾತಲ್ಲ. ಬಣ್ಣಕ್ಕೇ ಹೆಚ್ಚು ದರ ಕೊಡುವ ಪೇಟೆಯು ತನಗರಿವಿಲ್ಲದೆಯೇ ಇಂತಹ ಆಮಿಷವನ್ನು ಒಡ್ಡುತ್ತದೆ.

ಅಂಕಿಯೇ ಮೂಲವನ್ನು ಹೇಳುತ್ತದೆ

ಪರೀಕ್ಷಾ ವರದಿಯ ಅಂಕಿಯು ಮಾಲು ಪಾಸೋ ಫೇಲೋ ಎಂಬುದನ್ನಷ್ಟೇ ಹೇಳುವುದಿಲ್ಲ. ಲೋಹ ಎಲ್ಲಿಂದ ಬಂತು ಎಂಬ ಸುಳಿವನ್ನೂ ನೀಡುತ್ತದೆ. 20 ಪಿಪಿಎಂ ಸೀಸವಿರುವ ಹೊಲದ ಮಣ್ಣು ಕೊಂಬಿಗೆ ತೂಕದ ಶೇ. 5ರಷ್ಟು ಅಂಟಿಕೊಂಡಿದೆ ಎಂದಿಟ್ಟುಕೊಂಡರೂ ಅದರಿಂದ ಮಾಲಿಗೆ ಸೇರುವ ಸೀಸ 1 ಪಿಪಿಎಂ ಮಾತ್ರ. ಆದ್ದರಿಂದ ವರದಿಯಲ್ಲಿ 50 ಅಥವಾ 100 ಪಿಪಿಎಂ ಎಂದಿದ್ದರೆ ಸಾಮಾನ್ಯ ಹೊಲದ ಮಣ್ಣನ್ನು ದೂರಿ ಫಲವಿಲ್ಲ.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಬಹುದು. ಸೀಸದ ಕ್ರೋಮೇಟಿನಲ್ಲಿ ತೂಕದ ಶೇ. 64ರಷ್ಟು ಸೀಸವೇ ಇರುತ್ತದೆ. ಒಂದು ಕ್ವಿಂಟಾಲ್ ಅರಿಶಿಣದ ಮೇಲೆ ಕೇವಲ 16 ಗ್ರಾಂ ಬಣ್ಣ ಬಿದ್ದರೆ ಸೀಸ ಸುಮಾರು 100 ಪಿಪಿಎಂ ಆಗುತ್ತದೆ. 10 ಪಿಪಿಎಂ ಮಿತಿಯನ್ನು ಮುಟ್ಟಲು ಕ್ವಿಂಟಾಲಿಗೆ ಒಂದೂವರೆ ಗ್ರಾಮಿನಷ್ಟು ಬಣ್ಣ ಸಾಕು. ಸಂದೇಹವಿದ್ದಲ್ಲಿ ಪ್ರಯೋಗಾಲಯಕ್ಕೆ ಕ್ರೋಮಿಯಂ ಅನ್ನೂ ಅಳೆಯಲು ಹೇಳಬೇಕು. ಸೀಸದ ಜೊತೆಯಲ್ಲಿ ಅದರ ತೂಕದ ಸುಮಾರು ಕಾಲುಭಾಗ ಕ್ರೋಮಿಯಂ ಕಂಡುಬಂದರೆ ಬಣ್ಣವೇ ಮೂಲವೆಂದು ಬಲವಾಗಿ ಶಂಕಿಸಬಹುದು.

ಅಂಗಡಿಯಲ್ಲಿಯೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿದೆ. ಗಾಜಿನ ಲೋಟದ ನೀರಿಗೆ ಅರಿಶಿಣದ ಕೊಂಬನ್ನು ಹಾಕಿದಾಗ ಬಣ್ಣ ಬಳಿದ ಕೊಂಬು ಕೂಡಲೇ ಹಳದಿ ಬಿಡುತ್ತದೆ, ಶುದ್ಧ ಕೊಂಬು ಬಿಡುವುದಿಲ್ಲ. ಮಣ್ಣಿನ ಅಂಶ ತಿಳಿಯಲು ಆಮ್ಲದಲ್ಲಿ ಕರಗದ ಬೂದಿಯ ಪರೀಕ್ಷೆ ಸುಲಭವೂ ಅಗ್ಗವೂ ಆಗಿದೆ. ಫಾರ್ಮಕೋಪಿಯಾದ ಪ್ರಕಾರ ಹರಿದ್ರೆಯಲ್ಲಿ ಇದು ಶೇ. 1ನ್ನು ಮೀರಬಾರದು. ಇವು ಪ್ರಾಥಮಿಕ ಪರೀಕ್ಷೆಗಳು. ಲೋಹದ ನಿಖರ ಪ್ರಮಾಣವನ್ನು ಇವು ಹೇಳಲಾರವು.

ಮಾದರಿ ತೆಗೆಯುವ ಕ್ರಮ

ಪ್ರಯೋಗಾಲಯದ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದು ಅಳೆಯುವುದು ತನ್ನ ಮುಂದಿಟ್ಟ ಒಂದು ಗ್ರಾಮಿಗಿಂತ ಕಡಿಮೆ ಪುಡಿಯನ್ನು. ಆ ಪುಡಿ ಇಡೀ ರಾಶಿಯ ಪ್ರತಿನಿಧಿಯಾಗಿಲ್ಲದಿದ್ದರೆ ವರದಿ ಬರಿಯ ಕಾಗದ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ 5 ಚೀಲಗಳವರೆಗಿನ ಲಾಟಿನಲ್ಲಿ ಪ್ರತಿಯೊಂದರಿಂದಲೂ, 6ರಿಂದ 50 ಚೀಲಗಳಿದ್ದರೆ 5 ಚೀಲಗಳಿಂದ, 50ನ್ನು ಮೀರಿದರೆ ಶೇ. 10ರಷ್ಟು ಚೀಲಗಳಿಂದ ಮಾದರಿ ತೆಗೆಯಬೇಕು. ಪ್ರತಿ ಚೀಲದ ಮೇಲ್ಭಾಗ, ನಡುಭಾಗ ಹಾಗೂ ತಳಭಾಗಗಳಿಂದ ತೆಗೆದುದನ್ನು ಕೂಡಿಸಿ ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಳ್ಳುತ್ತ ಬೇಕಾದ ತೂಕಕ್ಕೆ ಇಳಿಸಬೇಕು.

ಲಾಟ್ ಎಂದರೇನು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. 10 ರೈತರಿಂದ ತಲಾ 5 ಚೀಲದಂತೆ ಕೊಂಡ 50 ಚೀಲಗಳಲ್ಲಿ ಒಂದು ಚೀಲ ಮಾತ್ರ 500 ಪಿಪಿಎಂ ಸೀಸದಿಂದ ಕೂಡಿದ್ದು, ಉಳಿದವು ಶುದ್ಧವಾಗಿವೆ ಎಂದು ಭಾವಿಸೋಣ. ಎಲ್ಲವನ್ನೂ ಒಂದೇ ಲಾಟ್ ಎಂದು ಪರಿಗಣಿಸಿ 5 ಚೀಲಗಳಿಂದ ಮಾದರಿ ತೆಗೆದರೆ ಕೆಟ್ಟ ಚೀಲವು ಕೈಗೆ ಸಿಗುವ ಸಂಭವ ಹತ್ತಕ್ಕೆ ಒಂದು. ಆ ಚೀಲ ತಪ್ಪಿಸಿಕೊಂಡು, 50 ಚೀಲಗಳನ್ನೂ ಬೆರೆಸಿ ಪುಡಿ ಮಾಡಿದರೆ ಇಡೀ ಪುಡಿಯಲ್ಲಿ 10 ಪಿಪಿಎಂ ಸೀಸ ಸೇರುತ್ತದೆ. ಒಂದು ಚೀಲದ ದೋಷ ಐವತ್ತು ಚೀಲಗಳ ದೋಷವಾಗುತ್ತದೆ. ಹಾಗಲ್ಲದೆ ರೈತವಾರು ಲಾಟ್ ಮಾಡಿದರೆ ಪ್ರತಿ ಲಾಟಿನಲ್ಲಿ 5 ಚೀಲಗಳಿರುವುದರಿಂದ ಪ್ರತಿ ಚೀಲವೂ ಮಾದರಿಗೆ ಒಳಪಡುತ್ತದೆ. ಕೆಟ್ಟ ಚೀಲವಿರುವ ಲಾಟಿನ ಮಾದರಿಯಲ್ಲಿ 100 ಪಿಪಿಎಂ ಕಾಣಿಸಿ ದೋಷ ಬಯಲಾಗುತ್ತದೆ.

ನೇಕಾರ ಉದ್ಯಮಿಗಳಿಗೆ ಈ ತತ್ವ ಪರಿಚಿತವೇ ಆಗಿದೆ. ಬೇರೆ ಬೇರೆ ಸಲ ಬಣ್ಣ ಹಾಕಿಸಿದ ನೂಲನ್ನು ಲಾಟ್ ನೋಡದೆ ಒಂದೇ ಸೀರೆಗೆ ಹಾಕಿದರೆ ಪಟ್ಟೆ ಬೀಳುತ್ತದೆ. ನೇಯ್ದ ಮೇಲೆ ಅದನ್ನು ಸರಿಪಡಿಸಲಾಗದು. ಮೂಲಿಕೆಯಲ್ಲಿ ಪಟ್ಟೆ ಕಣ್ಣಿಗೆ ಕಾಣುವುದಿಲ್ಲ ಎಂಬುದಷ್ಟೇ ಭೇದ.

ಖರ್ಚಿನ ಲೆಕ್ಕ

ಹತ್ತು ಲಾಟಿಗೆ ಹತ್ತು ಪರೀಕ್ಷೆ ಎಂದರೆ ಸಣ್ಣ ವ್ಯಾಪಾರಕ್ಕೆ ಹೊರೆಯಾಗುವುದು ನಿಜ. ಲೆಕ್ಕದ ಸೌಕರ್ಯಕ್ಕಾಗಿ ಒಂದು ಪರೀಕ್ಷೆಗೆ 3,000 ರೂ. ಎಂದೂ, 60 ಕಿಲೋ ತೂಕದ 50 ಚೀಲಗಳಿಗೆ, ಅಂದರೆ 30 ಕ್ವಿಂಟಾಲಿಗೆ, ಕ್ವಿಂಟಾಲಿಗೆ 12,000 ರೂ. ದರದಂತೆ 3,60,000 ರೂ. ಬೆಲೆಯೆಂದೂ ಇಟ್ಟುಕೊಳ್ಳೋಣ. ಹತ್ತು ಪರೀಕ್ಷೆಗಳ ಖರ್ಚು 30,000 ರೂ., ಅಂದರೆ ಮಾಲಿನ ಬೆಲೆಯ ಶೇ. 8ಕ್ಕೂ ಹೆಚ್ಚು. ಇಷ್ಟು ಖರ್ಚನ್ನು ತಾಳುವ ಲಾಭಾಂಶ ಈ ವ್ಯಾಪಾರದಲ್ಲಿ ಎಲ್ಲರಿಗೂ ಇರುವುದಿಲ್ಲ.

ಇದಕ್ಕೆ ಎರಡು ಹಂತದ ಪರೀಕ್ಷೆ ಪರಿಹಾರವಾಗಬಲ್ಲದು. ಹತ್ತು ಲಾಟುಗಳ ಮಾದರಿಗಳನ್ನು ಪ್ರತ್ಯೇಕವಾಗಿ ಮೊಹರು ಮಾಡಿ ಇಟ್ಟುಕೊಂಡು, ಪ್ರತಿಯೊಂದರಿಂದ ಸಮತೂಕದ ಪುಡಿ ತೆಗೆದು ಬೆರೆಸಿ ಒಂದೇ ಕೂಡುಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು. ಅದರಲ್ಲಿನ ಸೀಸವು ಮಿತಿಯ ಹತ್ತನೆಯ ಒಂದು ಭಾಗಕ್ಕಿಂತ, ಅಂದರೆ 1 ಪಿಪಿಎಂಗಿಂತ, ಕಡಿಮೆ ಇದ್ದರೆ ಹತ್ತರಲ್ಲಿ ಯಾವೊಂದು ಲಾಟಿನ ಮಾದರಿಯೂ 10 ಪಿಪಿಎಂ ಮುಟ್ಟಿರಲು ಸಾಧ್ಯವಿಲ್ಲ. ಉಳಿದ ಒಂಬತ್ತರಲ್ಲಿ ಸೀಸ ಶೂನ್ಯವಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಆಗ ಖರ್ಚು 3,000 ರೂ. ಮಾತ್ರ, ಬೆಲೆಯ ಶೇ. 1ಕ್ಕೂ ಕಡಿಮೆ. 1 ಪಿಪಿಎಂ ಮೀರಿದರೆ ಮಾತ್ರ ಕಾದಿಟ್ಟ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎಷ್ಟು ಲಾಟುಗಳನ್ನು ಕೂಡಿಸಲಾಗಿದೆಯೋ ಅಷ್ಟರಿಂದ ಮಿತಿಯನ್ನು ಭಾಗಿಸುವುದೇ ಇಲ್ಲಿಯ ಸೂತ್ರ. ಕ್ಯಾಡ್ಮಿಯಂನ ಮಿತಿ 0.3 ಪಿಪಿಎಂ ಮಾತ್ರವಾದ್ದರಿಂದ ಅದಕ್ಕೆ ಎರಡು-ಮೂರು ಲಾಟುಗಳಿಗಿಂತ ಹೆಚ್ಚು ಕೂಡಿಸುವುದು ಉಪಯುಕ್ತವಾಗದು. ಈ ಕ್ರಮವು ಖರೀದಿದಾರರ ಸ್ವಂತ ತಿಳಿವಳಿಕೆಗಾಗಿ. ಕಾನೂನಿನ ಪ್ರಕಾರ ಬೇಕಾದ, ತಯಾರಾದ ಬ್ಯಾಚಿನ ಪ್ರಮಾಣಪತ್ರಕ್ಕೆ ಇದು ಬದಲಿಯಲ್ಲ.

ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಆಧಾರಿತ ಯಂತ್ರಗಳು ಮಾಲನ್ನು ನಾಶಮಾಡದೆ ಕೆಲವೇ ನಿಮಿಷಗಳಲ್ಲಿ ಸೀಸವನ್ನು ಗುರುತಿಸುತ್ತವೆ. ಢಾಕಾದ ದಾಳಿಯಲ್ಲಿ ಬಳಸಿದ್ದು ಇಂತಹ ಯಂತ್ರವನ್ನೇ. 0.3 ಪಿಪಿಎಂ ಕ್ಯಾಡ್ಮಿಯಂ ಅಳೆಯುವ ಸೂಕ್ಷ್ಮತೆ ಅವಕ್ಕಿಲ್ಲವಾದರೂ ಬಣ್ಣ ಬಳಿದ ಮಾಲನ್ನು ಬೇರ್ಪಡಿಸಲು ಅವು ಸಾಕು. ಒಬ್ಬರಿಗೆ ಇದರ ಬೆಲೆ ಭಾರವಾಗಬಹುದು. ಹಲವು ವ್ಯಾಪಾರಸ್ಥರು ಕೂಡಿ ಕೊಂಡರೆ ಸುಗ್ಗಿಯ ದಿನಗಳಲ್ಲಿ ಎಲ್ಲರಿಗೂ ಒದಗೀತು.

ಪ್ರಯೋಗಾಲಯ ಹಾಗೂ ವರದಿ

ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿ, ಸಾಮಾನ್ಯವಾಗಿ ಮೈಕ್ರೋವೇವ್ ಯಂತ್ರದ ಒತ್ತಡದಲ್ಲಿ, ಪೂರ್ಣವಾಗಿ ಕರಗಿಸಿ ಆ ದ್ರಾವಣವನ್ನು ಅಳೆಯಲಾಗುತ್ತದೆ. ಪರಮಾಣು ಹೀರಿಕೆಯ ರೋಹಿತಮಾಪಕ, ಅಂದರೆ ‘ಎಎಎಸ್’, ಒಂದು ಸಲಕ್ಕೆ ಒಂದು ಲೋಹವನ್ನು ಅಳೆಯುತ್ತದೆ. ಅದರಲ್ಲಿ ಆರ್ಸೆನಿಕ್ ಮತ್ತು ಪಾದರಸಕ್ಕೆ ಪ್ರತ್ಯೇಕ ಜೋಡಣೆಗಳು ಬೇಕಾಗುತ್ತವೆ. ‘ಐಸಿಪಿ-ಎಂಎಸ್’ ಯಂತ್ರವು ನಾಲ್ಕೂ ಲೋಹಗಳನ್ನು ಒಟ್ಟಿಗೆ, ಹೆಚ್ಚು ಸೂಕ್ಷ್ಮವಾಗಿ ಅಳೆಯುತ್ತದೆ. ವರದಿ ಕೈಸೇರಿದಾಗ ಗಮನಿಸಬೇಕಾದ ಅಂಶಗಳು ಇಂತಿವೆ:

1. ಪ್ರಯೋಗಾಲಯದ ಮಾನ್ಯತೆ: ಔಷಧಿಗಾದರೆ ಔಷಧ ಮತ್ತು ಕಾಂತಿವರ್ಧಕಗಳ ನಿಯಮಗಳ 160ಎಯಿಂದ 160ಜೆವರೆಗಿನ ನಿಯಮಗಳಡಿ ಅನುಮೋದನೆ, ಆಹಾರಕ್ಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಅಧಿಸೂಚನೆ ಇದೆಯೇ ಎಂದು ನೋಡಬೇಕು. ಎನ್‌ಎಬಿಎಲ್ ಮಾನ್ಯತೆ ಇದ್ದರೂ ಅದು ನಿರ್ದಿಷ್ಟ ಪರೀಕ್ಷೆಗಳಿಗೆ ಮಾತ್ರ ಸೀಮಿತ. ಮೂಲಿಕೆಗಳಲ್ಲಿ ಭಾರಲೋಹದ ಪರೀಕ್ಷೆ ಆ ಪಟ್ಟಿಯಲ್ಲಿರಬೇಕು.

2. ‘ಪತ್ತೆಯಾಗಿಲ್ಲ’ ಎಂಬ ಮಾತು: ಯಂತ್ರ ಎಷ್ಟು ಕಡಿಮೆ ಪ್ರಮಾಣವನ್ನು ಅಳೆಯಬಲ್ಲದು ಎಂಬುದು ಅದರ ಜೊತೆಗೇ ನಮೂದಾಗಿರಬೇಕು. 0.5 ಪಿಪಿಎಂಗಿಂತ ಕೆಳಗೆ ಅಳೆಯಲಾರದ ಪ್ರಯೋಗಾಲಯವು ಕ್ಯಾಡ್ಮಿಯಂ ‘ಪತ್ತೆಯಾಗಿಲ್ಲ’ ಎಂದರೆ 0.3ರ ಮಿತಿಗೆ ಸಂಬಂಧಿಸಿದಂತೆ ಏನನ್ನೂ ಹೇಳಿದಂತಾಗಲಿಲ್ಲ.

3. ಮಾದರಿಯ ಗುರುತು: ‘ಈ ಫಲಿತಾಂಶ ಸ್ವೀಕರಿಸಿದ ಮಾದರಿಗೆ ಮಾತ್ರ ಅನ್ವಯ’ ಎಂಬ ಬರಹ ಬಹುತೇಕ ಎಲ್ಲ ವರದಿಗಳಲ್ಲಿಯೂ ಇರುತ್ತದೆ. ಲಾಟಿನ ಸಂಖ್ಯೆ, ಚೀಲಗಳ ಸಂಖ್ಯೆ ಹಾಗೂ ಮಾದರಿ ತೆಗೆದವರ ವಿವರ ಇಲ್ಲದಿದ್ದರೆ ವರದಿಗೂ ಗೋದಾಮಿನ ಮಾಲಿಗೂ ನಂಟು ಸಾಧಿಸಲಾಗದು.

4. ಪ್ರತ್ಯೇಕ ಅಂಕಿ: ಹಳೆಯ ಪದ್ಧತಿಯಲ್ಲಿ ಬಣ್ಣದ ಛಾಯೆ ನೋಡಿ ‘ಒಟ್ಟು ಭಾರಲೋಹ’ ಎಂದು ಒಂದೇ ಅಂಕಿ ಕೊಡುವುದಿತ್ತು. ಅದರಿಂದ ಈಗ ಉಪಯೋಗವಿಲ್ಲ; ನಾಲ್ಕೂ ಲೋಹಗಳ ಪ್ರತ್ಯೇಕ ಅಂಕಿಗಳು ಬೇಕು.

ಕರಾರು, ಬಿಲ್ಲು ಮತ್ತು ಲೆಕ್ಕಪತ್ರ

ಬಹುಮಂದಿ ವ್ಯಾಪಾರಸ್ಥರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 26(4)ನೆಯ ಪ್ರಕರಣದ ಪ್ರಕಾರ ಆಹಾರ ಪದಾರ್ಥವನ್ನು ಮತ್ತೊಬ್ಬ ಮಾರಾಟಗಾರರಿಗೆ ಮಾರುವಾಗ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ನೀಡಬೇಕು. ಪ್ರತ್ಯೇಕ ಖಾತರಿಪತ್ರ ಇಲ್ಲದಿದ್ದರೂ ಬಿಲ್ಲು ಅಥವಾ ಇನ್‌ವಾಯ್ಸನ್ನೇ ಖಾತರಿಯೆಂದು ಭಾವಿಸಲಾಗುತ್ತದೆ. ಅಂದರೆ ಅರಿಶಿಣದ ಪ್ರತಿಯೊಂದು ಬಿಲ್ಲೂ ಮಾಲು ಶುದ್ಧವೆಂಬ ವಾಗ್ದಾನವೇ. ಸರಕು ಮಾರಾಟ ಅಧಿನಿಯಮ, 1930ರ 17ನೆಯ ಪ್ರಕರಣವೂ ಇದೇ ದಿಕ್ಕಿನದು. ಮಾದರಿ ತೋರಿಸಿ ಮಾರಿದಾಗ, ಮಾದರಿಯನ್ನು ಸಾಮಾನ್ಯವಾಗಿ ಪರಿಶೀಲಿಸಿದರೆ ಕಾಣಿಸದಂತಹ, ಮಾಲನ್ನು ಮಾರಾಟಕ್ಕೆ ಅಯೋಗ್ಯಗೊಳಿಸುವ ದೋಷ ಇರಕೂಡದು ಎಂಬುದು ಅಲ್ಲಿಯ ಷರತ್ತು. ಭಾರಲೋಹವು ಅಂತಹ ಗುಪ್ತದೋಷಕ್ಕೆ ತಕ್ಕ ಉದಾಹರಣೆ. ‘ಕಣ್ಣಿನಿಂದ ನೋಡಿ ಕೊಂಡಿದ್ದೀರಿ’ ಎಂಬ ಉತ್ತರ ಇಲ್ಲಿ ಸಾಲದು. ಇದಕ್ಕೆ ಪ್ರತಿಯಾಗಿ, ಆಹಾರ ಸುರಕ್ಷತೆಯ ಅಧಿನಿಯಮದ 80ನೆಯ ಪ್ರಕರಣವು ಯುಕ್ತ ಎಚ್ಚರಿಕೆ ವಹಿಸಿದ್ದನ್ನು ರುಜುವಾತು ಮಾಡುವವರಿಗೆ ರಕ್ಷಣೆಯನ್ನೂ ನೀಡುತ್ತದೆ. ಆ ರುಜುವಾತಿಗೆ ಬೇಕಾದುದು ಲಾಟ್ ದಾಖಲೆ, ಮಾದರಿ ಮತ್ತು ವರದಿ.

ಖರೀದಿ ಕರಾರಿನಲ್ಲಿ ಈ ಕೆಳಗಿನವುಗಳನ್ನು ಬರೆಯಿಸುವುದು ಹಿತಕರ: ಅನ್ವಯವಾಗುವ ಮಿತಿಗಳು ಮತ್ತು ದೇಶ, ಮಾದರಿಯನ್ನು ಇಬ್ಬರ ಸಮಕ್ಷಮ ತೆಗೆದು ಮೂರು ಭಾಗ ಮಾಡಿ, ಪ್ರಯೋಗಾಲಯಕ್ಕೆ ಒಂದು, ಮಾರಾಟಗಾರರಿಗೆ ಒಂದು, ಖರೀದಿದಾರರಿಗೆ ಒಂದು ಮೊಹರಿನೊಡನೆ ಕೊಡುವುದು, ವಿವಾದವಾದಲ್ಲಿ ಯಾವ ಪ್ರಯೋಗಾಲಯದ ವರದಿ ಅಂತಿಮ, ಪರೀಕ್ಷೆಯ ಖರ್ಚು ಯಾರದು, ವರದಿ ಬರುವವರೆಗೆ ಎಷ್ಟು ಮೊಬಲಗು ತಡೆಹಿಡಿಯಬಹುದು. ರೈತರಿಗೆ ಮುಂಗಡವಾಗಿ ತಿಳಿಸದೆ ಹಣ ತಡೆಯುವುದು ನ್ಯಾಯವಲ್ಲ. ಷರತ್ತು ಖರೀದಿಗಿಂತ ಮೊದಲೇ ಗೊತ್ತಿರಬೇಕು. ಶುದ್ಧವೆಂದು ಸಾಬೀತಾದ ಲಾಟಿಗೆ ತುಸು ಹೆಚ್ಚು ದರ ಕೊಡುವ ರೂಢಿ ಬಂದರೆ ಬಣ್ಣದ ಆಮಿಷವೂ ತಾನಾಗಿ ಕುಗ್ಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ಎರಡು ಮಾತುಗಳು. ಪರೀಕ್ಷಾ ಶುಲ್ಕದ ಮೇಲಿನ ಜಿಎಸ್‌ಟಿಯನ್ನು, ತೆರಿಗೆಗೆ ಒಳಪಡುವ ವ್ಯಾಪಾರ ಮಾಡುವ ನೋಂದಾಯಿತ ವ್ಯಾಪಾರಸ್ಥರು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಆದರೆ ತಿರಸ್ಕೃತ ಮಾಲನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, ಆ ಮಾಲಿನ ಮೇಲೆ ಪಡೆದ ಜಮೆಯನ್ನು ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)(ಎಚ್) ಪ್ರಕರಣದಂತೆ ಹಿಂದಿರುಗಿಸಬೇಕಾಗುತ್ತದೆ. ವರ್ಷಾಂತ್ಯದ ದಾಸ್ತಾನಿನಲ್ಲಿ ಫೇಲಾದ ಲಾಟ್ ಉಳಿದಿದ್ದರೆ ಅದನ್ನು ಖರೀದಿ ಬೆಲೆಗೆ ತೋರಿಸುವಂತಿಲ್ಲ; ಮಾರಿದರೆ ನಿಜವಾಗಿ ಕೈಸೇರುವ ಬೆಲೆಗೆ ಇಳಿಸಬೇಕು. ಹಾಗೆ ಮಾಡದ ಅಢಾವೆ ಪತ್ರಿಕೆಯು ಇಲ್ಲದ ಆಸ್ತಿಯನ್ನು ತೋರಿಸಿದಂತಾಗುತ್ತದೆ. ಗೋದಾಮಿನ ಸಾಮಾನ್ಯ ಅಗ್ನಿ ವಿಮೆಯೂ ಇಂತಹ ನಷ್ಟವನ್ನು ತುಂಬಿಕೊಡುವುದಿಲ್ಲ.

ಉಪಸಂಹಾರ

ಭಾರಲೋಹದ ಪರೀಕ್ಷೆಯು ಸರಕಾರಕ್ಕಾಗಿ ಅಥವಾ ಪರದೇಶದ ಖರೀದಿದಾರರಿಗಾಗಿ ಮಾಡುವ ಶಾಸ್ತ್ರವೆಂದು ತಿಳಿದವರು ಅದನ್ನು ಕೊನೆಯ ಘಟ್ಟಕ್ಕೆ ಬಿಡುತ್ತಾರೆ. ಆ ವೇಳೆಗೆ ಮಾಲು ಬೆರೆತಿರುತ್ತದೆ, ಹಣ ಪಾವತಿಯಾಗಿರುತ್ತದೆ, ಮಾರಿದವರು ಯಾರೆಂಬ ಗುರುತೂ ಅಳಿಸಿಹೋಗಿರುತ್ತದೆ. ರೈತವಾರು ಲಾಟ್ ಮಾಡುವುದು, ಬೆರೆಸುವ ಮುನ್ನ ಮಾದರಿ ತೆಗೆಯುವುದು, ಮೊಹರು ಮಾಡಿದ ಮಾದರಿಯನ್ನು ಕಾದಿರಿಸುವುದು ಹಾಗೂ ವರದಿಯ ಅಂಕಿಯನ್ನು ಓದಲು ಕಲಿಯುವುದು, ಇವಿಷ್ಟೇ ಮುಖ್ಯ ಕೆಲಸಗಳು. ಇವುಗಳಲ್ಲಿ ಹಣ ಬೇಡುವುದು ಪ್ರಯೋಗಾಲಯದ ಶುಲ್ಕ ಒಂದೇ. ಉಳಿದವು ಶಿಸ್ತನ್ನು ಮಾತ್ರ ಬೇಡುತ್ತವೆ. ಈ ಚೂರ್ಣವನ್ನು ಸೇವಿಸುವವರು ಕಾಯಿಲೆಯವರು, ಬಾಣಂತಿಯರು, ಮಕ್ಕಳು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಮತ್ತು ಆ ಹಾನಿಯನ್ನು ಯಾವ ಔಷಧಿಯೂ ಹಿಂದಿರುಗಿಸಲಾರದು. ಮುಂದಿನ ಸುಗ್ಗಿಯ ಖರೀದಿ ಆರಂಭವಾಗುವ ಮುನ್ನವೇ ವ್ಯಾಪಾರಸ್ಥರೂ ತಯಾರಕರೂ ತಮ್ಮ ಕರಾರು ಪತ್ರ ಹಾಗೂ ಲಾಟ್ ಪುಸ್ತಕಗಳನ್ನು ಸಿದ್ಧಪಡಿಸಿಕೊಳ್ಳುವುದು ಉಚಿತ.